ಅಕ್ಕನಿಗೆ ಹೇಳದೆ ಉಳಿದ ಹೆಸರು

ಅಮೆರಿಕದಲ್ಲಿ ಅಕ್ಕನ ಊರು ಹಾಫ್‌ಮನ್ ಎಸ್ಟೇಟ್ಸ್, ನನ್ನದು ಫಾರ್ಮಿಂಗ್ಟನ್ ಹಿಲ್ಸ್. ಇಬ್ಬರೂ ಒಂದೇ ಪತ್ತೇದಾರಿ ಸರಣಿ ಓದುತ್ತಿದ್ದೆವು. ನೂರು ವರ್ಷ ಹಿಂದಿನ ಲಂಡನ್. ಅಲ್ಲಿ ತಲೆತಲಾಂತರದ ಆಸ್ತಿಯಿದ್ದ, ಬೇರೆ ಕೆಲಸವಿಲ್ಲದ ಒಬ್ಬ ಮಹಾಶಯ ಹವ್ಯಾಸಕ್ಕೆಂದು ಕೊಲೆಗಾರರನ್ನು ಹಿಡಿಯುತ್ತಿದ್ದ. ದಿನಕ್ಕೊಂದು ಅಧ್ಯಾಯ, ಸಂಜೆ ಕಾಫಿ ಹೊತ್ತಿಗೆ ಫೋನಿನಲ್ಲಿ ವಾದ. ತಡೆಯಲಾರದೆ ಮುಂದೆ ಓದಿದವರು ಬಾಯಿ ಬಿಡಬಾರದು ಎಂಬುದು ಅಕ್ಕನ ಕಟ್ಟಪ್ಪಣೆ. ಒಮ್ಮೆ ನಾನು ಹೇಳಿಬಿಟ್ಟಾಗ ವಾರವಿಡೀ ಫೋನೇ ಎತ್ತಲಿಲ್ಲ.

ಒಂಬತ್ತನೆಯ ಪುಸ್ತಕದ ನಡುವೆ ಅವಳು ಆಸ್ಪತ್ರೆ ಸೇರಿದಳು. ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಹೋದೆ. ಪುಸ್ತಕ ದಿಂಬಿನ ಪಕ್ಕದಲ್ಲೇ ಇತ್ತು, ಹಿಡಿಯಲು ಅವಳಿಗೆ ಶಕ್ತಿಯಿರಲಿಲ್ಲ. ಓದಿ ಹೇಳಲಾ ಎಂದೆ.

"ಅಷ್ಟು ಹೊತ್ತು ಕೇಳೋಕಾಗಲ್ಲ ಕಣೇ. ನೀನು ಮುಗಿಸಿರ್ತೀಯ, ಗೊತ್ತು. ಯಾರು ಕೊಂದಿದ್ದು, ಹೇಳೇ."

ಮುಗಿಸಿದ್ದೆ. ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಅವಳು ಇನ್ನು ಮನೆಗೆ ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡಂತಾಗುತ್ತದೆ ಎನಿಸಿ ರೇಗಿದೆ. "ರೂಲ್ ಮಾಡಿದ್ದು ನೀನೇ ಅಲ್ವಾ? ಮನೆಗೆ ಬಂದು ನೀನೇ ಓದ್ಕೋ."

ಅವಳು ಮತ್ತೆ ಕೇಳಲಿಲ್ಲ. ಎರಡು ದಿನಕ್ಕೆ ಹೋಗಿಬಿಟ್ಟಳು.

ಹತ್ತನೆಯದು ಬಂದಿದೆಯಂತೆ. ನನಗೆ ಬೇಡ. ಆ ಮಹಾಶಯನೇನೋ ಕೊನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ. ನನ್ನನ್ನು ಕೇಳಿದವಳು ಒಬ್ಬಳೇ, ಕೇಳಿದ್ದು ಒಂದೇ ಹೆಸರು.