ಅರ್ಧ ಬೆಟ್ಟದಲ್ಲಿ ಒಡೆದ ಕಾಯಿ

ಮೊನ್ನೆ ಮೊಮ್ಮಗಳು ಗಿಟುಕು ಕೊಬ್ಬರಿ ಹೆಚ್ಚುತ್ತಿದ್ದಳು. ಆ ಎಣ್ಣೆಗಂಪು ಮೂಗಿಗೆ ಬಡಿದದ್ದೇ ತಡ, ಅರಸೀಕೆರೆಯ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಕಣ್ಣೆದುರು ಬಂದು ನಿಂತರು. ಕೊಬ್ಬರಿ ವ್ಯಾಪಾರಿಗಳ ಮನೆ ಅದು. ಅವರ ಸೆರಗಿಗೂ ಇದೇ ವಾಸನೆ...

ಮಹಾರಾಜರ ಕಾಲದ ಮಾತು. ನನಗಾಗ ಹದಿನಾಲ್ಕು. ಉಬ್ಬಸ ಚಿಕ್ಕಂದಿನಿಂದಲೂ ಬೆನ್ನು ಬಿಟ್ಟಿರಲಿಲ್ಲ. ಉಮ್ಮತ್ತಿ ಎಲೆಯ ಹೊಗೆ ಹಿಡಿಸಿ, ಕಷಾಯ ಕುಡಿಸಿ ಸೋತ ಅಪ್ಪ ಕೊನೆಗೆ ಹರಕೆ ಹೊತ್ತರು: ಮಗಳು ಉಪವಾಸವಿದ್ದು, ನಡುವೆ ಎಲ್ಲೂ ಕೂರದೆ ಮಾಲೇಕಲ್ಲು ಬೆಟ್ಟ ಹತ್ತಿ ಅಲ್ಲಿನ ವೆಂಕಟರಮಣನಿಗೆ ಕಾಯಿ ಒಡೆಸುತ್ತಾಳೆ. ಉಸಿರೇ ಸಾಲದವಳಿಗೆ ಬೆಟ್ಟದ ಹರಕೆ! ಆಗ ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ, ನನಗೂ ಕಾಣಲಿಲ್ಲ. ಹತ್ತಿದರೆ ವಾಸಿ, ಹತ್ತದಿದ್ದರೆ ತಪ್ಪು ನನ್ನದೇ ಎಂದು ನಂಬಿದ್ದೆ.

ಅಪ್ಪ, ಸೋದರತ್ತೆಯ ಜೊತೆಗೆ ದೊಡ್ಡಮ್ಮನೂ ಬಂದರು. ಲಿಂಗಪೂಜೆಯ ಮನೆಯವರಿಗೆ ವೆಂಕಟರಮಣನ ಹಂಬಲವೇನೂ ಇರಲಿಲ್ಲ. ನನ್ನ ಮೇಲೆ ಕಣ್ಣಿಡಲೆಂದೇ ಬಂದದ್ದು.

ಅರ್ಧ ಬೆಟ್ಟಕ್ಕೇ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕುಸಿದೆ.

"ಕೂತ್ಬಿಟ್ಲಲ್ಲಪ್ಪ, ಹರಕೆ ಕೆಡ್ತು" ಎಂದರು ಸೋದರತ್ತೆ.

"ಏಳೇ, ಇನ್ನೊಂಚೂರು ಐತೆ" ಎಂದು ಅಪ್ಪ ರಟ್ಟೆ ಹಿಡಿದೆಳೆದರು. ನನಗೆ ನನ್ನ ಮೇಲೇ ಹೇಸಿಗೆ ಬಂತು. ಮುಷ್ಟಿ ಕಟ್ಟಿ ಎದೆಗೆ ಗುದ್ದಿಕೊಂಡೆ.

ದೊಡ್ಡಮ್ಮ ಆ ಕೈ ಹಿಡಿದರು. "ಅದಕ್ಯಾಕೆ ಹೊಡೀತೀಯೇ? ನಿನಗೋಸ್ಕರ ಹಗಲೂ ರಾತ್ರಿ ಒದ್ದಾಡ್ತಿರೋದು ಅದೊಂದೇ ಕಣೇ. ಸವರು ಅದನ್ನ."

ಆಮೇಲೆ ಅಪ್ಪನತ್ತ ತಿರುಗಿದರು. "ಹರಕೆ ಹೊತ್ತೋರು ನೀವು, ನೀವೇ ಹತ್ತಿ. ಮಗು ಇಲ್ಲೇ ಕೂತಿರ್ತದೆ." ಬುಟ್ಟಿಯಲ್ಲಿದ್ದ ಕಾಯಿ ತೆಗೆದು ನನ್ನ ಕೈಗಿಟ್ಟರು. "ಒಡಿ ಇಲ್ಲೇ. ಇಲ್ಲಿಂದ ಕೇಳ್ಸಲ್ಲ ಅನ್ನೋಕೆ ಅವನೇನು ಕಿವುಡನಾ?"

ಅಪ್ಪ ಬೇಡವೆಂದು ಕೂಗುತ್ತಲೇ ಇದ್ದರು. ಉಸಿರು ಹತೋಟಿಗೆ ಬರುವವರೆಗೆ ಎದೆ ಸವರಿಕೊಂಡು ಕೂತೆ. ಆಮೇಲೆ ಕಾಯಿಯನ್ನು ಮೆಟ್ಟಿಲಿಗೆ ಅಪ್ಪಳಿಸಿದೆ. ಉಪವಾಸದ ಬಾಯಿಗೆ ಒಂದು ಚೂರು ಹಾಕಿಕೊಂಡೆ, ಎಲ್ಲರೂ ನೋಡುತ್ತಿದ್ದಂತೆಯೇ. ಅಷ್ಟು ರುಚಿಯಾದ ಕಾಯಿ ಮತ್ತೆ ತಿಂದಿಲ್ಲ.

ಉಬ್ಬಸ ವಾಸಿಯಾಗಲಿಲ್ಲ. ಹರಕೆ ಕೆಟ್ಟದ್ದಕ್ಕೇ ಎಂದು ಅತ್ತೆ ಕೊನೆಯವರೆಗೂ ಹೇಳಿದರು, ಹೇಳಿಕೊಳ್ಳಲಿ. ದೊಡ್ಡಮ್ಮ ತೀರಿಕೊಂಡಾಗ ನಾನು ದೂರದ ಊರಿನಲ್ಲಿ ಹಾಸಿಗೆ ಹಿಡಿದಿದ್ದೆ, ಮುಖ ನೋಡಲಾಗಲಿಲ್ಲ... ಅದೊಂದು ನೋವು ಹಾಗೇ ಉಳಿದಿದೆ.

"ಅಜ್ಜಿ, ಬೇಗ ಬಾ, ಎಲ್ಲರೂ ಊಟಕ್ಕೆ ಕಾಯ್ತಿದ್ದಾರೆ" ಎಂದು ಮೊನ್ನೆ, ಕೊಬ್ಬರಿ ಹೆಚ್ಚಿ ಮುಗಿಸಿದ ಮೊಮ್ಮಗಳು ಮಹಡಿಯಿಂದ ಕೂಗಿದಳು. ನಡುಮೆಟ್ಟಿಲಿಗೆ ಬರುವಷ್ಟರಲ್ಲಿ ಎದೆ ಸಿಳ್ಳೆ ಹಾಕಿತು. ಅಲ್ಲೇ ಕೂತೆ. ಎದೆ ಸವರಿಕೊಂಡು, ಅವಳು ಹೆಚ್ಚುವಾಗ ಸೆರಗಿಗೆ ಕಟ್ಟಿಕೊಂಡಿದ್ದ ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡೆ.

ಕಾಯುವವರು ಕಾಯಲಿ.