ಸ್ಲಿಪ್ಪಿನಲ್ಲಿ ನಿಂತ ಕಿವಿ

ಲಿಯೋ ಪಿಲ್ಗ್ರಿಮ್ ಅಬುಧಾಬಿಗೆ ಬಂದಿಳಿದ ವಾರದಲ್ಲೇ ಹಂಝನ ಎರಡು ಆಸ್ತಿ ಕೈಬಿಟ್ಟು ಹೋದವು. ಒಂದು, ಬನಿಯಾಸ್ ಗೋದಾಮಿನಲ್ಲಿ ತಂಪು ಗಾಳಿ ನೇರ ಮುಖಕ್ಕೆ ಬೀಸುವ ಮೂಲೆಯ ಕುರ್ಚಿ. ಇನ್ನೊಂದು, ಶುಕ್ರವಾರದ ಕೀಪಿಂಗ್ ಗ್ಲೌಸು. ಕುರ್ಚಿ ಹೋದದ್ದಕ್ಕೆ ನಾಲ್ಕು ದಿನ ಬೈದು ಸುಮ್ಮನಾದ. ಗ್ಲೌಸು ಕಿತ್ತುಕೊಂಡವನನ್ನು ಮಾತ್ರ ಮಣ್ಣಿಗೆ ಹೋಗುವ ತನಕ ಕ್ಷಮಿಸುವುದಿಲ್ಲ ಎಂದು ನಿಶ್ಚಯಿಸಿಬಿಟ್ಟ. ಹಂಝನಲ್ಲಿ ಒಳ್ಳೆಯ ಗುಣಗಳು ಬೇಕಾದಷ್ಟಿದ್ದವು, ಆದರೆ ಕ್ಷಮೆ ಅವುಗಳಲ್ಲಿ ಇರಲಿಲ್ಲ.

ಅವನು ಉಳ್ಳಾಲದ ಬ್ಯಾರಿ. ಚಿಕ್ಕಂದಿನಲ್ಲಿ ಕಡಲ ದಂಡೆಯ ಆಟದಲ್ಲಿ ಟೆನಿಸ್ ಬಾಲು ಅಲೆಗೆ ಸಿಕ್ಕಿ ಹೋಗದಂತೆ ತಡೆಯುವ ಕೆಲಸ ಅವನ ಪಾಲಿಗೆ ಬಿತ್ತು, ಅದೇ ಮುಂದೆ ಕೀಪಿಂಗ್ ಆಯಿತು. ಆ ಕಾಲದಲ್ಲಿ ದುಬೈ, ಅಬುಧಾಬಿಯ ಕಂಪನಿಗಳಿಗೆ ಶುಕ್ರವಾರದ ಕ್ರಿಕೆಟ್ಟಿನ ಹುಚ್ಚು. ಬ್ಯಾಟು ಬೀಸಬಲ್ಲವನನ್ನು ಗುಮಾಸ್ತನೆಂದು, ಬೌಲರನ್ನು ಡ್ರೈವರನೆಂದು ವೀಸಾ ಕೊಟ್ಟು ಕರೆಸಿಕೊಳ್ಳುತ್ತಿದ್ದರು. ಹಂಝ ಕೆಲಸ ಮಾಡುತ್ತಿದ್ದ ಏಸಿ ಕಂಪನಿಯೂ ಹಾಗೆಯೇ. ಅದರ ಗೋದಾಮು ನೋಡಿಕೊಳ್ಳುತ್ತಲೇ ಅವನು ಎಷ್ಟೋ ವರ್ಷ ಸ್ಟಂಪಿನ ಹಿಂದೆ ಕೂತಿದ್ದ. ವಾರವಿಡೀ ತಾಮ್ರದ ಪೈಪು, ಫಿಲ್ಟರು ಎಂದು ಧೂಳು ತಿಂದವನು ಶುಕ್ರವಾರ ಒಂದು ದಿನ ಗ್ಲೌಸು ತೊಟ್ಟು ಮನುಷ್ಯನಾಗುತ್ತಿದ್ದ.

ತೊಂಬತ್ತೆಂಟರಲ್ಲಿ ಮ್ಯಾನೇಜರ್ ಶಾಮಸುಂದರ ಅವನನ್ನು ಹಮ್ದಾನ್ ಸ್ಟ್ರೀಟಿನ ಆಫೀಸಿಗೆ ಕರೆಸಿದ. ಮೈಸೂರಿನ ಈ ಮನುಷ್ಯ ಕೆಟ್ಟ ಸುದ್ದಿ ಹೇಳುವ ಮೊದಲು ತಪ್ಪದೆ ಚಹಾ ತರಿಸುತ್ತಿದ್ದ.

"ನೋಡಪ್ಪ ಹಂಝ, ಈತ ಲಿಯೋ ಅಂತ. ವೆಸ್ಟ್ ಇಂಡೀಸಿನವನು. ಬಾರ್ಬಡೋಸ್ ಟೀಮಿಗೆ ಕೀಪಿಂಗ್ ಮಾಡಿದಾನೆ. ಇನ್ಮೇಲೆ ಗೋದಾಮಿಗೆ ಇವನೇ ಸೂಪರ್‌ವೈಸರು. ಟೀಮಿಗೂ ಇವನೇ ಕೀಪರು."

"ನಾನು ಎಂತ ತಪ್ಪು ಮಾಡಿದ್ದು ಸಾರ್?"

"ತಪ್ಪೇನಿಲ್ಲ ಕಣಪ್ಪ. ಅರಬಾಬ್‌ಗೆ ಕಪ್ ಬೇಕು. ಚಹಾ ಕುಡಿ, ಆರೋಗುತ್ತೆ."

ಅರಬಾಬ್ ಎಂದರೆ ಕಂಪನಿಯ ಮಾಲೀಕ. ಅವನಿಗೆ ಕಪ್ಪು ಬೇಕೆಂದರೆ ಅಲ್ಲಿಗೆ ಮಾತು ಮುಗಿಯಿತು. ಹಂಝ ಚಹಾ ಮುಟ್ಟದೆ ಎದ್ದು ಬಂದ.

ಲಿಯೋ ಬಲು ಎತ್ತರದ, ಮಾತು ಕಡಿಮೆಯ, ನಲವತ್ತರ ಹತ್ತಿರದ ಮನುಷ್ಯ. ಗೋದಾಮಿನಲ್ಲಿ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹಂಝ ಹೇಳಿಕೊಡಲೂ ಇಲ್ಲ. ಸರಕು ತಪ್ಪಿ ಬೇರೆ ಸೈಟಿಗೆ ಹೋದಾಗ ಒಳಗೊಳಗೇ ಹಿಗ್ಗಿದ. ಊಟದ ಹೊತ್ತಿಗೆ ಲಿಯೋ ಬಂದು ಎದುರು ಕೂತರೆ ತಟ್ಟೆ ಎತ್ತಿಕೊಂಡು ಎದ್ದು ಹೋಗುತ್ತಿದ್ದ. ಆದರೆ ಶುಕ್ರವಾರ ಮಾತ್ರ ಅವನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಮರಳು ಮೈದಾನದ ನಡುವೆ ಸಿಮೆಂಟಿನ ಮೇಲೆ ಹಾಸಿದ ಮ್ಯಾಟಿನಲ್ಲಿ ಬಾಲು ಎದೆಯೆತ್ತರ ಪುಟಿಯುತ್ತದೆ. ಅಂಥ ಕಡೆ ಈ ಪುಣ್ಯಾತ್ಮ ವೇಗದ ಬೌಲರಿಗೂ ಸ್ಟಂಪಿಗೆ ಅಂಟಿಕೊಂಡೇ ನಿಲ್ಲುತ್ತಿದ್ದ. ಬಾಲು ಅವನ ಕೈಗೆ ಬಂದು ಕೂರುವಾಗ ಸದ್ದೇ ಆಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ತನ್ನಿಂದ ಆಗದು ಎಂದು ಹಂಝನಿಗೆ ಮೊದಲ ದಿನವೇ ಗೊತ್ತಾಯಿತು. ದ್ವೇಷ ಬೇರು ಬಿಟ್ಟದ್ದು ಅಲ್ಲೇ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಲಿಯೋ ಗೋದಾಮಿನ ಬಾಗಿಲು ಮುಂದಕ್ಕೆ ಎಳೆದು ಹಂಝನ ಮುಂದೆ ಕೂತ. ಅವನ ದ್ವೀಪದ ಇಂಗ್ಲಿಷು ಹಂಝನಿಗೆ ಅರ್ಧ ಅರ್ಥವಾಗುತ್ತಿತ್ತು, ಆದರೂ ಆ ದಿನ ಹೇಳಿದ್ದೆಲ್ಲ ಮುಟ್ಟಿತು. ಅವನ ಅಪ್ಪ ಸಕ್ಕರೆ ಗಿರಣಿಯ ಕೂಲಿ. ಲಿಯೋ ಹದಿನೆಂಟರಲ್ಲೇ ದ್ವೀಪದ ತಂಡಕ್ಕೆ ಆಯ್ಕೆಯಾದ, ಆದರೆ ಎರಡನೆಯ ಕೀಪರಾಗಿ. ಮೊದಲನೆಯವನಿಗೆ ಒಂದು ನೆಗಡಿಯೂ ಬರಲಿಲ್ಲ. ವರ್ಷಗಟ್ಟಲೆ ಅವನ ಗ್ಲೌಸು ಒಣಗಿಸಿ, ನೀರು ಹೊತ್ತು ಕಳೆದದ್ದಾಯಿತು. ಕಡೆಗೂ ಅವಕಾಶ ಸಿಕ್ಕ ವರ್ಷ, ಸ್ಟಂಪಿನ ಹಿಂದೆ ಕೂತಿದ್ದಾಗ ಬ್ಯಾಟ್ಸ್‌ಮನ್ ಹಿಂದಕ್ಕೆ ಬೀಸಿದ ಬ್ಯಾಟು ಕಿವಿಯ ಮೇಲೆ ಬಡಿಯಿತು. ಆಮೇಲೆ ಒಂದು ದೊಡ್ಡ ಪಂದ್ಯದಲ್ಲಿ ಬ್ಯಾಟಿಗೆ ಸವರಿದ ಬಾಲನ್ನು ಹಿಡಿದೂ ಅಪೀಲು ಮಾಡದೆ ನಿಂತ, ಸವರಿದ ಸದ್ದು ಕೇಳಿಸಿರಲೇ ಇಲ್ಲ. ಮತ್ತೆ ತಂಡಕ್ಕೆ ಕರೆಯಲಿಲ್ಲ.

"ಮಾತು ಕೇಳಿಸುತ್ತದೆ," ಎಂದ ಲಿಯೋ, ಕಿವಿ ಮುಟ್ಟಿಕೊಂಡು. "ಸಣ್ಣ ಸದ್ದು ಕೇಳಿಸುವುದಿಲ್ಲ. ನೀನು ಕೀಪರು, ನಿನಗೆ ಕೇಳಿಸುತ್ತದೆ. ಮೊದಲ ಸ್ಲಿಪ್ಪಿನಲ್ಲಿ, ನನ್ನ ಬಲಪಕ್ಕಕ್ಕೆ, ನೀನೇ ನಿಲ್ಲು. ಬಾಲು ಬ್ಯಾಟಿಗೆ ತಾಗಿದರೆ ಟೊಪ್ಪಿ ಮುಟ್ಟು. ತಾಗದಿದ್ದರೆ ಕೈ ಮೊಣಕಾಲಿನ ಮೇಲೆ ಇರಲಿ."

ಬೇರೆ ಯಾರಾದರೂ ಆಗಿದ್ದರೆ ಈ ಕತೆ ಕೇಳಿ ಮನಸ್ಸು ಕರಗುತ್ತಿತ್ತೇನೋ. ಹಂಝನಿಗೆ ಇನ್ನಷ್ಟು ರೇಗಿತು. ಎರಡನೆಯವನಾಗಿ ನಿಲ್ಲುವ ಸಂಕಟ ಗೊತ್ತಿದ್ದೂ ನನ್ನನ್ನು ಎರಡನೆಯವನಾಗಿ ಮಾಡಿದನಲ್ಲ, ಇವನೆಂಥ ಮನುಷ್ಯ! ಆದರೂ ಹೂಂ ಅಂದ. ಶತ್ರುವಿನ ಕೊರಳ ಹಗ್ಗ ತಾನಾಗಿ ಕೈಗೆ ಬಂದಾಗ ಯಾರು ಬೇಡ ಎನ್ನುತ್ತಾರೆ?

ಹೀಗೆ ಶುರುವಾಯಿತು. ಬಾಲು ಬ್ಯಾಟು ದಾಟಿ ಬಂದರೆ ಲಿಯೋ ಹಿಡಿದು ಒಮ್ಮೆ ಬಲಕ್ಕೆ ತಿರುಗುತ್ತಿದ್ದ. ಹಂಝನ ಕೈ ಟೊಪ್ಪಿಗೆ ಹೋದರೆ ಮಾತ್ರ ಅಪೀಲು. ಅವನ ಅಪೀಲು ಯಾವಾಗಲೂ ಒಂದು ಉಸಿರು ತಡವಾಗಿ ಬರುತ್ತಿತ್ತು, ಜನ ಅದನ್ನು ನ್ಯಾಯಬುದ್ಧಿ ಎಂದುಕೊಂಡರು. ಉಳಿದ ಕೀಪರುಗಳು ಬಾಲು ಪ್ಯಾಡಿಗೆ ತಾಗಿದರೂ ಬೊಬ್ಬೆ ಹೊಡೆಯುತ್ತಿದ್ದರು, ಹಂಝನೂ ತನ್ನ ಕಾಲದಲ್ಲಿ ಹೊಡೆದಿದ್ದ. ಲಿಯೋ ಹಾಗಲ್ಲ. ಅಂಪೈರು ಬೆನೆಡಿಕ್ಟ್ ಮಂಗಳೂರಿನವನು, ವಾರದ ದಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿಯುತ್ತಿದ್ದ. ಅವನಂತೂ ಎಲ್ಲರೆದುರು ಹೇಳಿಬಿಟ್ಟ: "ಲಿಯೋ ಕೇಳಿದ್ರೆ ಔಟ್, ಕೇಳದಿದ್ರೆ ಇಲ್ಲ. ನಾನು ತಲೆ ಕೆಡಿಸಿಕೊಳ್ಳುದೇ ಇಲ್ಲ ಮಾರಾಯ."

ಕಿವಿ ಹಂಝನದು, ಹೆಸರು ಲಿಯೋನದು. ಶುಕ್ರವಾರ ಸಂಜೆ ಹಂಝ ಮನೆಗೆ ಬಂದು ಷೂ ಬಿಚ್ಚಿ ಗೋಡೆಗೆ ಎಸೆಯುತ್ತಿದ್ದ. ಹೆಂಡತಿ ಮೈಮೂನ ತಡೆಯಲಾರದೆ ಕೇಳಿದಳು, "ಗೆದ್ದು ಬಂದ ದಿನವೂ ನಿಮ್ಮದೊಂದು ಇದೇ ಮೋರೆಯಾ?"

"ಗೆದ್ದದ್ದು ಅವನು. ನಾನಲ್ಲ."

ಎರಡು ಸಾವಿರದ ಒಂದನೆಯ ಇಸವಿ. ಕಂಪನಿ ಫೈನಲಿಗೆ ಬಂತು, ಎದುರಾಳಿ ದುಬೈಯ ಒಂದು ಬ್ಯಾಂಕಿನ ತಂಡ. ಲಿಯೋನ ವೀಸಾ ಆ ತಿಂಗಳೇ ಮುಗಿಯುವುದಿತ್ತು. ಅವನ ಮಗಳು ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಈ ವಯಸ್ಸಿನಲ್ಲಿ ಅಲ್ಲಿಗೆ ಮರಳಿದರೆ ಅವನಿಗೆ ಗಿರಣಿಯ ಕೂಲಿಯೂ ಸಿಗುವಂತಿರಲಿಲ್ಲ. ಶಾಮಸುಂದರ ಗೋದಾಮಿಗೆ ಬಂದು ಲಿಯೋನಿಗೆ ಇಂಗ್ಲಿಷಿನಲ್ಲಿ ನಯವಾಗಿ ಏನೋ ಹೇಳಿ, ಹೋಗುವಾಗ ಹಂಝನಿಗೆ ಅದನ್ನೇ ಕನ್ನಡದಲ್ಲಿ ಬಿಚ್ಚಿಟ್ಟ: "ಕಪ್ ಬಂದ್ರೆ ರಿನ್ಯೂ ಮಾಡ್ತಾರೆ ಅರಬಾಬ್. ಬರ್ಲಿಲ್ಲಾಂದ್ರೆ ಖಲಾಸ್, ಟಿಕೆಟ್ ಕೊಟ್ಟು ಕಳಿಸ್ತಾರೆ. ಆಮೇಲೆ ಗ್ಲೌಸು ನಿಂದೇ ಬಿಡು."

ಆ ಕೊನೆಯ ಮಾತನ್ನು ಅವನು ಆಡಬಾರದಿತ್ತು.

ಪಂದ್ಯ ನಡೆದದ್ದು ಈಗ ಸಿಲಿಕಾನ್ ಓಯಸಿಸ್‌ಗೆ ಹೋಗುವ ದಾರಿಯ ಬದಿಯ ಬಯಲಿನಲ್ಲಿ, ಆಗ ಅಲ್ಲಿ ಬರೀ ಮರಳು. ಬ್ಯಾಂಕಿಗೆ ಐದು ರನ್ ಬೇಕು, ಉಳಿದದ್ದು ಕೊನೆಯ ಜೋಡಿ. ಅರಬಾಬ್ ಡೇರೆಯ ಕೆಳಗೆ ಎದ್ದು ನಿಂತಿದ್ದ. ಬೌಲರು ಜಂಶೀರ್ ಓಡಿ ಬಂದ. ಬಾಲು ಪುಟಿದು ಬ್ಯಾಟಿನ ಅಂಚನ್ನು ಸವರಿತು. ಆ ಟಿಕ್ ಎಂಬ ಸದ್ದು ಹಂಝನ ಕಿವಿಗೆ ಸ್ವಚ್ಛವಾಗಿ ಬಿತ್ತು. ಲಿಯೋ ಎಡಕ್ಕೆ ಹಾರಿ ಹಿಡಿದ. ಹಂಝ ಕಂಡ ಕ್ಯಾಚುಗಳಲ್ಲೆಲ್ಲ ಚೆಂದದ್ದು ಅದು. ಲಿಯೋ ನೆಲದಿಂದ ಏಳುತ್ತಲೇ ಸ್ಲಿಪ್ಪಿನ ಕಡೆ ತಿರುಗಿದ.

ಹಂಝನ ಬಲಗೈ ಅಭ್ಯಾಸಬಲದಿಂದ ಎದ್ದಿತ್ತು. ಅದು ಎದೆಯ ತನಕ ಬಂದು, ನಿಂತು, ಮೊಣಕಾಲಿಗೆ ಮರಳಿತು.

ಜಂಶೀರ್ ಒಬ್ಬನೇ ಕಿರುಚುತ್ತಿದ್ದ. ಬೆನೆಡಿಕ್ಟ್ ಅವನನ್ನು ನೋಡಲೇ ಇಲ್ಲ, ಲಿಯೋನನ್ನು ನೋಡಿದ. ಲಿಯೋ ಇಲ್ಲವೆಂದು ತಲೆಯಾಡಿಸಿದ. ಬೆನೆಡಿಕ್ಟ್ ಕೈ ಹಿಂದೆ ಕಟ್ಟಿಕೊಂಡ. ಮುಂದಿನ ಬಾಲು ಬೌಂಡರಿ ದಾಟಿತು, ಅದರ ಮುಂದಿನದಕ್ಕೆ ಒಂದು ರನ್ನು ಓಡಿದರು, ಕಪ್ಪು ದುಬೈಯಲ್ಲೇ ಉಳಿಯಿತು.

ಡೇರೆಯಲ್ಲಿ ಬಿರಿಯಾನಿ ತಿನ್ನುತ್ತಾ ಆ ಬ್ಯಾಟ್ಸ್‌ಮನ್ ನಗಾಡಿಕೊಂಡು ಎಲ್ಲರಿಗೂ ಸಾರಿದ: ಬಾಲು ತಾಗಿತ್ತು, ಜೋರಾಗಿಯೇ ತಾಗಿತ್ತು, ನಿಮ್ಮ ಕೀಪರೇ ನನ್ನನ್ನು ಉಳಿಸಿದ. ಶಾಮಸುಂದರನ ಮುಖ ಕೆಂಡವಾಯಿತು. ಲಿಯೋ ಬ್ಯಾಂಕಿನವರ ಜತೆ ಶಾಮೀಲಾಗಿದ್ದಾನೆ ಎಂದು ಅಲ್ಲೇ ಕೂಗಾಡಿದ. ಪಂದ್ಯ ಮಾರಿಕೊಳ್ಳುವ ಸುದ್ದಿಗಳು ಪೇಪರು ತುಂಬ ಬರುತ್ತಿದ್ದ ಕಾಲ ಅದು, ಎಲ್ಲರೂ ಒಂದೇ ಏಟಿಗೆ ನಂಬಿದರು. ಲಿಯೋ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ತಾನು ಕಿವುಡ ಎಂದು ಒಪ್ಪಿಕೊಳ್ಳಬೇಕಿತ್ತು. ಕಿವುಡ ಕೀಪರನಿಗೆ ವೀಸಾ ಯಾರು ಕೊಡುತ್ತಾರೆ?

ಊರಿಗೆ ಹೊರಡುವ ದಿನ ಲಿಯೋ ಗೋದಾಮಿಗೆ ಬಂದ. ಗ್ಲೌಸನ್ನು ಹಂಝನ ಮೇಜಿನ ಮೇಲೆ ಎಸೆದ.

"ನಿನಗೆ ಕೇಳಿಸಿತ್ತಾ?"

"ಇಲ್ಲ."

ಲಿಯೋ ಅವನ ಮುಖವನ್ನೇ ನೋಡುತ್ತಾ ನಿಂತ. ಹಂಝನೂ ಕಣ್ಣು ತಗ್ಗಿಸಲಿಲ್ಲ. "ಸುಳ್ಳ," ಎಂದು ನೆಲಕ್ಕೆ ಉಗಿದು ಲಿಯೋ ಹೊರಟುಹೋದ. ಕೈ ಕುಲುಕಲಿಲ್ಲ, ತಿರುಗಿ ನೋಡಲೂ ಇಲ್ಲ. ಹಂಝ ಕುರ್ಚಿಯನ್ನು ಗಾಳಿಗೆ ಎಳೆದುಕೊಂಡು ಕೂತ. ಆ ದಿನ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು, ಸುಳ್ಳು ಹೇಳುವುದು ಬೇಡ.

ಮುಂದಿನ ಸೀಸನ್ನಿನ ಮೊದಲ ಶುಕ್ರವಾರ ಹಂಝ ಗ್ಲೌಸು ತೊಟ್ಟು ಸ್ಟಂಪಿನ ಹಿಂದೆ ಕೂತ. ಅಂಪೈರು ಅದೇ ಬೆನೆಡಿಕ್ಟ್. ಮೂರನೆಯ ಓವರಿನಲ್ಲಿ ಬಾಲು ಅಂಚಿಗೆ ಸವರಿತು, ಅದೇ ಸದ್ದು. ಹಂಝ ಹಿಡಿದು, ಮೇಲಕ್ಕೆ ಹಾರಿ, ಗಂಟಲು ಹರಿಯುವ ಹಾಗೆ ಕೂಗಿದ. ಬೆನೆಡಿಕ್ಟ್ ಅವನನ್ನು ನೋಡಿ ಇಲ್ಲವೆಂದು ತಲೆಯಾಡಿಸಿದ.

"ತಾಗಿದೆ ಮಾರಾಯ! ನನ್ನ ಕಿವಿಯಾರೆ ಕೇಳಿದ್ದು!"

"ನಿನ್ನ ಬೊಬ್ಬೆ ನಾನು ಹಿಂದೆಯೂ ಕೇಳಿದ್ದೇನೆ ಹಂಝ. ಲಿಯೋ ಕೇಳಿದ್ರೆ ಕಣ್ಣು ಮುಚ್ಚಿ ಕೊಡ್ತಿದ್ದೆ. ಅಷ್ಟು ವರ್ಷದಲ್ಲಿ ಅವನು ತಪ್ಪಿದ್ದು ಒಂದೇ ಸಲ."

ಅಷ್ಟೂ ವರ್ಷ ಕೇಳಿದ ಕಿವಿ ನನ್ನದು ಎಂಬ ಮಾತು ಹಂಝನ ನಾಲಗೆಯ ತುದಿಗೆ ಬಂತು. ಹೇಳಿದರೆ ಆ ಒಂದು ಸಲದ ಕಿವಿಯೂ ತನ್ನದೇ ಎಂದು ಹೇಳಬೇಕಾಗುತ್ತಿತ್ತು. ಬೌಲರು ಓಟ ಶುರು ಮಾಡಿದ್ದ. ಹಂಝ ಮತ್ತೆ ಬಗ್ಗಿ ಕೂತ.