ಪಿನ್ನಿಲ್ಲದ ಲಾರಿ

ಓಲ್ದ್ರಿಖ್ ವಾನೆಕ್ ಜೀವಮಾನದಲ್ಲಿ ಒಂದು ಟ್ಯಾಂಕನ್ನೂ ಮಾಡಿದವನಲ್ಲ. ಚೆಕ್ ದೇಶದ ಮೊರಾವಿಯಾದ ಒಂದು ಊರಿನಲ್ಲಿ, ಪುಟ್ಟ ಮಾದರಿಗಳನ್ನು ಕಟ್ಟುವವರ ಸಂಘದಲ್ಲಿ ಉಳಿದವರೆಲ್ಲರ ಕಪಾಟಿನಲ್ಲಿ ತೋಪು, ಟ್ಯಾಂಕು, ಯುದ್ಧವಿಮಾನ. ಇವನ ಕಪಾಟಿನಲ್ಲಿ ಸೈನ್ಯದ ರೊಟ್ಟಿ ಸುಡುವ ಲಾರಿ, ಬಟ್ಟೆ ಒಗೆಯುವ ಲಾರಿ, ಆಂಬುಲೆನ್ಸು, ಕೆಟ್ಟ ಗಾಡಿ ಎಳೆಯುವ ಕ್ರೇನು. ಎಲ್ಲವೂ ಅಸಲಿಯ ಮೂವತ್ತೈದರಲ್ಲೊಂದು ಪಾಲು. ಓಲ್ದ್ರಿಖ್‌ನ ಸೈನ್ಯ ಯುದ್ಧಕ್ಕೆ ಹೊರಟರೆ ಶತ್ರುವಿಗೆ ಊಟ ಹಾಕಿ, ಅಂಗಿ ಒಗೆದು ಕಳಿಸುತ್ತದೆ ಎಂದು ಗೆಳೆಯ ಕ್ವಿಡೋ ಬಿಯರಿನ ಮುಂದೆ ಕೂತು ರೇಗಿಸುತ್ತಿದ್ದ. ಓಲ್ದ್ರಿಖ್ ನಗುತ್ತಿದ್ದ. ಪ್ರತಿ ಗಾಡಿಗೂ ಅವನು ಒಂದು ಹಾಳೆ ಬರೆಯುತ್ತಿದ್ದ: ಯಾವ ಕಾರ್ಖಾನೆಯಲ್ಲಿ ಹುಟ್ಟಿತು, ಯಾವ ದಳಕ್ಕೆ ದುಡಿಯಿತು, ಯಾವ ಗುಜರಿಯಲ್ಲಿ ಸತ್ತಿತು. ಎಲ್ಲ ಕಡೆ ಟ್ಯಾಂಕಿಗೆ ಚೌಕದಲ್ಲಿ ಕಲ್ಲಿನ ಕಟ್ಟೆ ಕಟ್ಟುತ್ತಾರೆ. ಆ ಟ್ಯಾಂಕಿನವನಿಗೆ ಅನ್ನ ನೀರು ಒಯ್ದ ಲಾರಿಯ ನಂಬರ್ ಪ್ಲೇಟು ಕೂಡ ಉಳಿಯುವುದಿಲ್ಲ. ಇದಕ್ಕೆ ಯಾರಿಗೂ ನಾಚಿಕೆಯಿಲ್ಲ.

ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವನು, ಹರೆಯದಲ್ಲಿ ಸೈನ್ಯದಲ್ಲಿದ್ದಾಗ ತಾನೇ ಓಡಿಸಿದ ಲಾರಿಯ ಮಾದರಿ ಕಟ್ಟಿದ. ವಿಷಾನಿಲದ ದಾಳಿಯಾದರೆ ಗಾಡಿಗಳನ್ನು ತೊಳೆಯಲೆಂದು ಸೈನ್ಯ ಇಟ್ಟುಕೊಂಡಿದ್ದ ನೀರಿನ ಲಾರಿ ಅದು. ಬೆನ್ನ ಮೇಲೆ ಟ್ಯಾಂಕಿ, ಹೊಟ್ಟೆಯಡಿ ಪಂಪು. ಕಟ್ಟಲು ಎರಡು ಚಳಿಗಾಲ ಹಿಡಿಯಿತು. ಅವನ ಆಸೆ ಒಂದೇ. ಊರಿನಲ್ಲಿದ್ದು ಈಗ ಮುಚ್ಚಿಹೋದ ಸೈನ್ಯದ ದಂಡಿನ ನೆನಪಿಗೆ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಒಂದು ಗಾಜಿನ ಪೆಟ್ಟಿಗೆಯಿದೆ. ಈ ವರ್ಷ ಸೇವಾವಾಹನಗಳ ವಿಭಾಗದಲ್ಲಿ ಗೆದ್ದ ಮಾದರಿಗೆ ಅದರಲ್ಲಿ ಜಾಗ. ಆ ಜಾಗ ತನ್ನ ಲಾರಿಗೆ ಸಿಗಬೇಕು.

ವಸಂತದ ಒಂದು ಶನಿವಾರ, ಸ್ಪರ್ಧೆ ನಡೆಯುವ ಸಂಸ್ಕೃತಿ ಭವನದ ತುಂಬ ಅಂಟು ಮತ್ತು ಬೇಯಿಸಿದ ಸಾಸೇಜಿನ ವಾಸನೆ. ಮಾದರಿಗಳನ್ನು ಕನ್ನಡಿಯ ಮೇಲೆ ನಿಲ್ಲಿಸುವುದು ಅಲ್ಲಿಯ ಪದ್ಧತಿ, ತಳವೂ ಕಾಣಬೇಕಲ್ಲ. ತೀರ್ಪುಗಾರ ಹೋಲುಬ್ ಟಾರ್ಚು ಬಿಟ್ಟು ಕನ್ನಡಿಯೊಳಗೆ ಇಣುಕಿದ. ಎಂಜಿನ್ನಿನಿಂದ ಪಂಪಿಗೆ ಹೋಗುವ ಶಾಫ್ಟಿನ ಕೀಲಿನಲ್ಲಿ ತೂತಿದೆ, ಪಿನ್ನಿಲ್ಲ; ಪಿನ್ನಿಲ್ಲದೆ ಪಂಪು ತಿರುಗದು. ಇಂಥ ಕೈಕೆಲಸದವರು ಒಂದು ಭಾಗವನ್ನೇ ಮರೆತಿರಲ್ಲ ಎಂದು ಬೇಸರಪಟ್ಟು ಮೂರು ಅಂಕ ಹೊಡೆದುಹಾಕಿದ.

ಓಲ್ದ್ರಿಖ್ ಬಾಯಿ ತೆರೆಯುವ ಮೊದಲೇ ಕ್ವಿಡೋ ನುಗ್ಗಿ ಬಂದ.

"ಏನ್ರೀ, ಮರೆತಿದ್ದಾನಾ? ಅರವತ್ತೊಂಬತ್ತರ ಆಗಸ್ಟಲ್ಲಿ, ರಷ್ಯಾದವರ ಟ್ಯಾಂಕು ನುಗ್ಗಿ ವರ್ಷ ಆಯ್ತು ಅಂತ ಪ್ರತಿಭಟಿಸ್ತಿದ್ದ ಜನರ ಮೇಲೆ ನೀರು ಹೊಡೀರಿ ಅಂತ ಇದೇ ಲಾರೀನ ಚೌಕಕ್ಕೆ ಕಳಿಸಿದ್ರು. ನಾನು ಆ ಗುಂಪಲ್ಲಿದ್ದೆ. ಒಂದು ಹನಿ ಬರ್ಲಿಲ್ಲ. ಯಾಕೆ ಅಂದ್ರೆ ಈ ಮನುಷ್ಯ ಪಿನ್ ಕಿತ್ತು ಜೇಬಲ್ಲಿ ಇಟ್ಕೊಂಡಿದ್ದ. ಊರಿಗೆಲ್ಲ ಗೊತ್ತು, ನಿಮಗೊಬ್ಬರಿಗೇ ಗೊತ್ತಿಲ್ಲ."

ಊರಿಗೆಲ್ಲ ಗೊತ್ತಿದ್ದದ್ದು ನಿಜ. ಕಮ್ಯುನಿಸ್ಟ್ ಸರ್ಕಾರ ಬಿದ್ದ ವರ್ಷ ಕ್ವಿಡೋನೇ ಅದನ್ನು ಊಹಿಸಿ, ಬಿಯರ್ ಅಂಗಡಿಯಲ್ಲಿ ಹಬ್ಬಿಸಿದ್ದ. ಓಲ್ದ್ರಿಖ್ ಒಮ್ಮೆಯೂ ಹೌದು ಅಂದವನಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಮೂವತ್ತೈದು ವರ್ಷ ಆ ಮೌನಕ್ಕೆ ಜನ ಬಿಯರ್ ಕುಡಿಸಿದರು, ಅವನು ಕುಡಿದ. ಸುಳ್ಳು ಹೇಳುವುದಕ್ಕೆ ಬಾಯಿಯೇ ಬೇಕೆಂದೇನಿಲ್ಲ.

ಹಾಲ್ ಚಪ್ಪಾಳೆ ತಟ್ಟಿತು. ಹೋಲುಬ್ ನಾಚಿ ಕೆಂಪಾಗಿ, ಹೊಡೆದುಹಾಕಿದ ಅಂಕ ಮರಳಿ ಕೊಡಲು ಪೆನ್ನೆತ್ತಿದ. ವಸ್ತುಸಂಗ್ರಹಾಲಯದ ಬ್ಲಾಜ್ಕೋವಾ ಅಮ್ಮ ಕಣ್ಣು ಒರೆಸಿಕೊಂಡು ಬಂದು, ಪೆಟ್ಟಿಗೆಯ ನಡುಮಧ್ಯದ ಜಾಗವೇ ನಿಮ್ಮದು, ಹಾಳೆಯಲ್ಲಿ ಇದನ್ನಿಷ್ಟು ಸೇರಿಸಿಬಿಡಿ ಎಂದರು. ಬೇಕಾಗಿದ್ದು ಕೈಗೆ ಬಂದಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಸುಮ್ಮನೆ ನಿಲ್ಲುವುದು ಅವನಿಗೆ ಹೊಸದೂ ಅಲ್ಲ.

ಓಲ್ದ್ರಿಖ್ ಕನ್ನಡಿಯತ್ತ ಬಗ್ಗಿದ. ಅರ್ಧ ಮಿಲಿಮೀಟರಿನ ಆ ತೂತನ್ನು ಸೂಜಿಯಲ್ಲಿ ಕೊರೆದು, ಅದಕ್ಕೊಂದು ಪಿನ್ನನ್ನೂ ಮಾಡಿದ್ದ. ಹಾಕಲು ಮಾತ್ರ ಕೈ ಬಂದಿರಲಿಲ್ಲ.

"ನಾನಲ್ಲ ಕ್ವಿಡೋ."

"ಸಾಕು ಸುಮ್ನಿರೋ, ಈ ವಯಸ್ಸಲ್ಲಿ ವಿನಯ ಬೇರೆ."

"ವಿನಯ ಅಲ್ಲ. ಆವತ್ತು ಲಾರಿಯ ಕೊಳಾಯಿ ತಿರುಗಿಸಿದ್ದು ನಾನು. ಮೇಲಿನವರು ಹೊಡಿ ಅಂದ್ರು, ಪೂರ್ತಿ ತಿರುಗಿಸ್ದೆ. ನಿನ್ನ ಮುಖ ಕಾಣ್ತಿತ್ತು, ಆದ್ರೂ ತಿರುಗಿಸ್ದೆ. ನೀರು ಬರ್ಲಿಲ್ಲ ಅಷ್ಟೆ."

ಉಳಿದದ್ದನ್ನು ಅವನು ಮೆಲ್ಲಗೆ, ಒಂದೂ ಬಿಡದೆ ಹೇಳಿದ. ಪಿನ್ ಕಿತ್ತವನು ದಳದ ಮೆಕ್ಯಾನಿಕ್ ಮಾತೂಶ್ ಗ್ರೇಗಾ, ಪೂರ್ವ ಸ್ಲೊವಾಕಿಯಾದ ಹುಡುಗ, ಇಪ್ಪತ್ತರವನು. ಬೆಳಿಗ್ಗೆ ಲಾರಿಯಡಿ ನುಸುಳಿ, ಕೈ ಒರೆಸಿಕೊಂಡು ಎದ್ದು ಬಂದು, ನೀನು ಸುಮ್ಮನೆ ಓಡಿಸು ಎಂದಿದ್ದ; ಏನು ಮಾಡಿದನೆಂದು ಓಲ್ದ್ರಿಖ್‌ಗೆ ಆಗ ತಿಳಿದಿರಲಿಲ್ಲ. ವಿಚಾರಣೆಯಲ್ಲಿ ಚಾಲಕನಿಗೆ ಏನೂ ಗೊತ್ತಿಲ್ಲ, ಕಿತ್ತವನು ನಾನೇ ಎಂದು ಎದೆತಟ್ಟಿ ಹೇಳಿದ. ಎರಡು ವರ್ಷ ಸೈನ್ಯದ ಜೈಲು, ಆಮೇಲೆ ಮೆಕ್ಯಾನಿಕ್ ಕೆಲಸ ಎಲ್ಲೂ ಸಿಗದೆ ಗಣಿ, ಐವತ್ತೊಂದಕ್ಕೆ ಸಾವು. ಓಲ್ದ್ರಿಖ್ ಅವನಿಗೆ ಒಂದು ಕಾಗದವನ್ನೂ ಬರೆದಿರಲಿಲ್ಲ.

"ನಾನು ಕುಡಿಸಿದ್ದೆಲ್ಲ ಅವನಿಗೆ ಸೇರ್ಬೇಕಿತ್ತು," ಎಂದ ಕ್ವಿಡೋ. ಆ ಮಾತಿನಲ್ಲಿ ತಮಾಷೆಯಿರಲಿಲ್ಲ. ಆಮೇಲೆ ಕನ್ನಡಿಯತ್ತ ಬಗ್ಗಿ ಕೇಳಿದ, "ನೋಡೋಕೆ ಹೆಂಗಿದ್ದ?"

"ಕುಳ್ಳ. ಕಿವಿ ದೊಡ್ಡದು. ಯಾವಾಗ್ಲೂ ಶಿಳ್ಳೆ ಹಾಕ್ತಿದ್ದ."

ಹೋಲುಬ್ ಪೆನ್ನು ಮುಚ್ಚಿದ. ನಂಬುತ್ತೇನೆ, ಆದರೆ ಕಾಗದದ ಆಧಾರವಿಲ್ಲದೆ ಅಂಕ ಕೊಡಲು ನಿಯಮವಿಲ್ಲ ಎಂದ. ಆ ಮೂರು ಅಂಕ ಹೋಯಿತು, ಲಾರಿ ನಾಲ್ಕನೆಯದಾಯಿತು, ಬಹುಮಾನ ಬೇರೆ ಊರಿನವರ ರೊಟ್ಟಿ ಲಾರಿಯೊಂದಕ್ಕೆ ಹೋಯಿತು. ಸಾಯಂಕಾಲ ಬ್ಲಾಜ್ಕೋವಾ ಅಮ್ಮ ಅವನನ್ನು ಹುಡುಕಿಕೊಂಡು ಬಂದರು. ಗೆದ್ದವರಿಗೆ ಅವರ ಜಾಗ ಸಿಗುತ್ತದೆ, ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರವಿದೆ, ಇನ್ನೊಂದು ಲಾರಿಗಾಗುವಷ್ಟು ಟ್ಯಾಂಕುಗಳನ್ನು ಸರಿಸುತ್ತೇನೆ, ನೀವು ಹಾಳೆ ಬರೆದುಕೊಡಿ ಎಂದರು.

ಅವನು ಅಲ್ಲೇ ಕೂತು ಬರೆದ. ಬಹುಮಾನಗಳೆಲ್ಲ ಮುಗಿದ ಮೇಲೆ ಅಮ್ಮ ಮೈಕಿನ ಮುಂದೆ ನಿಂತು, ಪೆಟ್ಟಿಗೆಗೆ ಸೇರುವ ಇನ್ನೊಂದು ಮಾದರಿ ಓಲ್ದ್ರಿಖ್ ವಾನೆಕ್ ಅವರದು ಎಂದು ಶುರುಮಾಡಿದರು. ಹಿಂದಿನ ಸಾಲಿನಲ್ಲಿ ಅವನು ಎದ್ದು ನಿಂತ.

"ಅಮ್ಮಾ, ಹಾಳೇಲಿ ಇರೋ ಹಾಗೇ ಓದಿ."

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಮೆಕ್ಯಾನಿಕ್, ಮಾತೂಶ್ ಗ್ರೇಗಾ. ಪಿನ್ ಕಿತ್ತ, ಒಪ್ಪಿಕೊಂಡ. ಚಾಲಕ, ಓಲ್ದ್ರಿಖ್ ವಾನೆಕ್. ಕೊಳಾಯಿ ತಿರುಗಿಸಿದ."

ಗ್ರೇಗಾನ ಹೆಸರು ಆ ಊರಿನಲ್ಲಿ ಮೊದಲ ಸಲ ಎಲ್ಲರಿಗೂ ಕೇಳುವಂತೆ ಮೊಳಗಿತು. ಓದಿ ಮುಗಿಯುವವರೆಗೆ ಓಲ್ದ್ರಿಖ್ ಕೂರಲಿಲ್ಲ. ದಂಡಿನಲ್ಲಿ ಹಾಜರಿ ಕೂಗುವಾಗ ನಿಲ್ಲುತ್ತಿದ್ದಂತೆ, ಬೆನ್ನು ನೆಟ್ಟಗೆ ಮಾಡಿ ನಿಂತೇ ಇದ್ದ.